ಧಾರವಾಡದ ಸೆಕೆಯಲ್ಲಿ ಸೋರ್‌ಡೋ ಬ್ರೆಡ್

ಅಂಗಡಿಯ ಈಸ್ಟ್ ಹಾಕದೆ, ಹಿಟ್ಟಿನಲ್ಲಿ ಸಹಜವಾಗಿಯೇ ಇರುವ ಸೂಕ್ಷ್ಮಜೀವಿಗಳಿಂದ ಕಣಕವನ್ನು ಹುದುಗಿಸಿ ಸುಡುವ ಸೋರ್‌ಡೋ ಬ್ರೆಡ್ಡನ್ನು ಧಾರವಾಡದ ನಮ್ಮ ಮನೆಯಲ್ಲಿ ಮಾಡಲು ತೊಡಗಿದ್ದು ಮಾರ್ಚ್ ತಿಂಗಳ ಕೊನೆಯಲ್ಲಿ. ಮಧ್ಯಾಹ್ನದ ಬಿಸಿಲು 36 ಡಿಗ್ರಿ ಮುಟ್ಟುತ್ತಿದ್ದ, ರಾತ್ರಿ ಹತ್ತು ಗಂಟೆಗೂ ಅಡುಗೆಮನೆಯ ಉಷ್ಣತೆ 31ಕ್ಕಿಂತ ಕೆಳಗೆ ಇಳಿಯದಿದ್ದ ದಿನಗಳವು. ಈ ಬ್ರೆಡ್ಡಿನ ಬಗ್ಗೆ ಓದಲು ಸಿಗುವ ವಿಧಾನಗಳಲ್ಲಿ ಹೆಚ್ಚಿನವು ಅಮೆರಿಕ ಮತ್ತು ಯುರೋಪಿನ ಅಡುಗೆಮನೆಗಳಿಂದ ಬಂದವು. ಅವುಗಳಲ್ಲಿ ಹೇಳುವ ‘ನಾಲ್ಕರಿಂದ ಆರು ಗಂಟೆ’ ಎಂಬಂಥ ಅವಧಿಗಳು 24-25 ಡಿಗ್ರಿಯ ಕೋಣೆಗೆ ಹೊಂದುವಂಥವು. ನಮ್ಮ ಕಡೆಯ ಬೇಸಿಗೆಗೂ ನಮ್ಮ ಗಿರಣಿಯ ಹಿಟ್ಟಿಗೂ ಆ ಲೆಕ್ಕ ಒಗ್ಗುವುದಿಲ್ಲ. ಎಲ್ಲಿ ಒಗ್ಗುವುದಿಲ್ಲ, ಏಕೆ ಒಗ್ಗುವುದಿಲ್ಲ, ಒಗ್ಗಿಸಿಕೊಳ್ಳಲು ಏನೇನು ಮಾಡಬೇಕಾಯಿತು ಎಂಬುದನ್ನು, ಇಲ್ಲಿಯೇ ಮಾಡಿ ನೋಡಬೇಕೆನ್ನುವವರಿಗೆ ಉಪಯೋಗವಾದೀತೆಂದು, ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಆಸಕ್ತಿಗೆ ಕಾರಣ ದೊಡ್ಡದೇನಲ್ಲ. 2016ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಬ್ರೆಡ್ಡಿನಲ್ಲಿ ಪೊಟ್ಯಾಸಿಯಂ ಬ್ರೋಮೇಟಿನ ಬಳಕೆಯ ಕುರಿತು ವರದಿ ಪ್ರಕಟಿಸಿ, ಅದೇ ವರ್ಷ ಆಹಾರ ಸುರಕ್ಷತಾ ಪ್ರಾಧಿಕಾರವು ಆ ರಾಸಾಯನಿಕವನ್ನು ನಿಷೇಧಿಸಿದ ಮೇಲೆ, ಬ್ರೆಡ್ ಪೊಟ್ಟಣದ ಹಿಂಬದಿಯನ್ನು ಓದುವ ಅಭ್ಯಾಸ ನನಗೆ ಅಂಟಿಕೊಂಡಿತು. ಹಿಟ್ಟು, ನೀರು, ಉಪ್ಪು ಈ ಮೂರನ್ನು ಬಿಟ್ಟು ಬೇರೇನೂ ಇಲ್ಲದ ಬ್ರೆಡ್ಡನ್ನು ಬೆಂಗಳೂರಿಗೆ ಹೋದಾಗ ತಿಂದು ನೋಡಿದ್ದೆ; ರುಚಿ ಹಿಡಿಸಿತ್ತು, ಒಂದು ಲೋಫಿಗೆ ಮುನ್ನೂರು ರೂಪಾಯಿಯ ಆಸುಪಾಸಿನ ಬೆಲೆ ಹಿಡಿಸಿರಲಿಲ್ಲ.

ಮೊದಲು ಬೇಕಾದದ್ದು ಸ್ಟಾರ್ಟರ್, ಅಂದರೆ ಹಿಟ್ಟು ಮತ್ತು ನೀರನ್ನು ಕಲಸಿಟ್ಟು, ದಿನವೂ ಹೊಸ ಹಿಟ್ಟು ಕೊಡುತ್ತ ಬೆಳೆಸಿದ ಹುದುಗು. ಇದಕ್ಕೆ ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟನ್ನೇ ಆರಿಸಿಕೊಂಡೆ. ನಮಗೆ ಬೇಕಾದ ಸೂಕ್ಷ್ಮಜೀವಿಗಳು ಕಾಳಿನ ಹೊರಪದರದಲ್ಲಿಯೇ ಹೆಚ್ಚಾಗಿ ಇರುತ್ತವೆ; ಮೈದಾ ತಯಾರಿಸುವಾಗ ಆ ಪದರ ಬೇರ್ಪಟ್ಟು ಹೋಗುತ್ತದೆ. ಉಪ್ಪಿನಕಾಯಿ ಹಾಕುತ್ತಿದ್ದ ಅಗಲ ಬಾಯಿಯ ಗಾಜಿನ ಭರಣಿಯಲ್ಲಿ 50 ಗ್ರಾಂ ಹಿಟ್ಟಿಗೆ ಅಷ್ಟೇ ತೂಕದ ನೀರು ಸೇರಿಸಿ ಕಲಸಿ, ಮುಚ್ಚಳವನ್ನು ಸಡಿಲವಾಗಿ ಇಟ್ಟೆ. ನಳದ ನೀರಿನ ಕ್ಲೋರಿನ್ ಹುದುಗಿಗೆ ತೊಡಕಾಗಬಹುದೆಂದು ಎಲ್ಲರೂ ಎಚ್ಚರಿಸುತ್ತಾರೆ. ನಮ್ಮ ಓಣಿಯಲ್ಲಿ ನೀರು ಬರುವುದೇ ಕೆಲವು ದಿನಗಳಿಗೊಮ್ಮೆಯಾದ್ದರಿಂದ ತುಂಬಿಟ್ಟ ನೀರನ್ನು ಬಳಸುವುದು ರೂಢಿ, ಅಷ್ಟರಲ್ಲಿ ಕ್ಲೋರಿನ್ ತಾನಾಗಿಯೇ ಹಾರಿಹೋಗಿರುತ್ತದೆ. ಅನನುಕೂಲದಿಂದಲೂ ಒಮ್ಮೊಮ್ಮೆ ಅನುಕೂಲವಾಗುವುದುಂಟು.

ಎರಡನೆಯ ದಿನ ಬೆಳಿಗ್ಗೆ ಹಿಟ್ಟು ಉಬ್ಬಿ ಮುಚ್ಚಳಕ್ಕೆ ತಾಗಿತ್ತು. ಅವ್ವ ಅದನ್ನು ನೋಡಿ, “ಉಬ್ಬೇತಲ್ಲ, ಇನ್ನೇನ ಕಾಯತಿ? ಸುಟ್ಟು ಬಿಡು” ಎಂದಳು. ಇಡ್ಲಿ ಹಿಟ್ಟಾಗಿದ್ದರೆ ಅವಳ ಮಾತು ಸರಿಯೇ. ಆದರೆ ಭರಣಿಯಿಂದ ಬರುತ್ತಿದ್ದದ್ದು ಹುಳಿಯ ವಾಸನೆಯಲ್ಲ, ನೆನೆದು ಕೊಳೆತ ಹೊಟ್ಟಿನ ವಾಸನೆ. ಈ ಮೊದಲ ಉಬ್ಬು ಈಸ್ಟಿನದಲ್ಲ. ಹಿಟ್ಟಿನ ಜೊತೆಗೆ ಬಂದ ಲ್ಯೂಕೊನೊಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾಗಳು ಹುಳಿ ಇಲ್ಲದ ವಾತಾವರಣದಲ್ಲಿ ಭರದಿಂದ ಬೆಳೆದು ಬಿಡುವ ಅನಿಲದ ಪರಿಣಾಮ. ಅವು ತಾವೇ ಹುಟ್ಟಿಸಿದ ಆಮ್ಲವನ್ನು ತಾಳಲಾರದೆ ಹಿಂದೆ ಸರಿಯುತ್ತವೆ; ಆಗ ಭರಣಿ ಒಮ್ಮೆಗೆ ತಣ್ಣಗಾಗಿ, ಹಿಟ್ಟು ಕೆಳಗಿಳಿದು, ಮೇಲೆ ತೆಳ್ಳನೆಯ ನೀರು ನಿಲ್ಲುತ್ತದೆ. ಇದೆಲ್ಲ ಕೆಟ್ಟು ಹೋಯಿತೆಂದು ಬಹಳ ಜನ ಚೆಲ್ಲುವುದು ಈ ಘಟ್ಟದಲ್ಲಿಯೇ. ಚೆಲ್ಲದೆ, ದಿನವೂ ಅರ್ಧ ತೆಗೆದು ಹೊಸ ಹಿಟ್ಟು ನೀರು ಕೊಡುತ್ತ ಹೋದರೆ, ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ನಾಲ್ಕರ ಹತ್ತಿರ ಇಳಿದ ಮೇಲೆ ಆಮ್ಲ ಸಹಿಸಬಲ್ಲ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೂ ಕಾಡು ಈಸ್ಟುಗಳೂ ತಳ ಊರುತ್ತವೆ. ವಾರ ತುಂಬುವ ಹೊತ್ತಿಗೆ ವಾಸನೆ ಬದಲಾಯಿತು: ಮೊದಲು ಮೊಸರಿನ ಹುಳಿ, ಆಮೇಲೆ ಮಾಗಿದ ಹಣ್ಣಿನದು. ಚಮಚದಿಂದ ಎತ್ತಿದರೆ ಹಿಟ್ಟಿನೊಳಗೆ ಸಣ್ಣ ದೊಡ್ಡ ಗುಳ್ಳೆಗಳ ನಡುವೆ ಎಳೆಗಳು ಕಾಣುತ್ತಿದ್ದವು.

ಭರಣಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಹಿಟ್ಟು ಏರುವುದನ್ನು ಗುರುತಿಸತೊಡಗಿದಾಗ ಸೆಕೆಯ ಮೊದಲ ಲೆಕ್ಕ ಗೊತ್ತಾಯಿತು. ಸ್ಟಾರ್ಟರ್, ಹಿಟ್ಟು, ನೀರು ಮೂರನ್ನೂ ಸಮ ತೂಕದಲ್ಲಿ ಸೇರಿಸಬೇಕೆಂಬುದು ಸಾಮಾನ್ಯವಾಗಿ ಹೇಳುವ ಪ್ರಮಾಣ. ನಮ್ಮಲ್ಲಿ ಹಾಗೆ ಕಲಸಿದ ಹಿಟ್ಟು ಮೂರು ಗಂಟೆಯೊಳಗೆ ಎರಡರಷ್ಟಾಗಿ, ಊಟ ಮುಗಿಸಿ ಬರುವಷ್ಟರಲ್ಲಿ ಇಳಿದು, ಸಂಜೆಗೆ ಉಗುರುಬಣ್ಣ ಅಳಿಸುವ ದ್ರವದಂಥ ಕಟು ವಾಸನೆ ಬಿಡುತ್ತಿತ್ತು. ಆ ವಾಸನೆ ಬಂತೆಂದರೆ ಅದಕ್ಕೆ ತಿನ್ನಲು ಏನೂ ಉಳಿದಿಲ್ಲವೆಂದೇ ಅರ್ಥ. ದಿನಕ್ಕೆ ನಾಲ್ಕು ಸಲ ಭರಣಿಗೆ ಉಣಿಸುತ್ತ ಕೂಡುವ ಕೆಲಸ ಯಾರಿಗೂ ಆಗದು. ಆದ್ದರಿಂದ 10 ಗ್ರಾಂ ಸ್ಟಾರ್ಟರಿಗೆ 50 ಗ್ರಾಂ ಹಿಟ್ಟು, 50 ಗ್ರಾಂ ನೀರಿನ ಪ್ರಮಾಣಕ್ಕೆ ಬದಲಾಯಿಸಿದೆ. ಹಳೆಯ ಹುಳಿಯ ಪಾಲು ಕಡಿಮೆಯಾದ್ದರಿಂದ ಏರಿಕೆ ಆರು ಗಂಟೆಗೂ ಮೀರಿ ನಡೆಯತೊಡಗಿತು, ಹುಳಿಯೂ ಹದಕ್ಕೆ ಬಂತು. ತೆಗೆದಿಟ್ಟ ಹಿಟ್ಟು ಅವ್ವನ ಪಾಲಿಗೆ ಹೋಗುತ್ತಿತ್ತು. ಅದಕ್ಕೆ ಅಕ್ಕಿ ಹಿಟ್ಟು, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ಅವಳು ಹೊಯ್ಯುತ್ತಿದ್ದ ದೋಸೆಗೆ ಮನೆಯಲ್ಲಿ ಬ್ರೆಡ್ಡಿಗಿಂತ ಮೊದಲೇ ಬೇಡಿಕೆ ಹುಟ್ಟಿತು.

ಈ ನಡುವೆ ಬೆಂಗಳೂರಿನ ಪರಿಚಿತರೊಬ್ಬರು, ಸ್ಯಾನ್ ಫ್ರಾನ್ಸಿಸ್ಕೊದಿಂದ ತಂದದ್ದೆಂದು ಹೇಳಿ, ಒಣಗಿಸಿದ ಸ್ಟಾರ್ಟರಿನ ಪುಡಿಯನ್ನು ಅಂಚೆಯಲ್ಲಿ ಕಳಿಸಿದರು. ಆ ಊರಿನ ಸೋರ್‌ಡೋಗೆ ದೊಡ್ಡ ಹೆಸರಿದೆ. 1971ರಲ್ಲಿ ಕ್ಲೈನ್ ಮತ್ತು ಸುಗಿಹಾರ ಎಂಬ ವಿಜ್ಞಾನಿಗಳು ಅಲ್ಲಿನ ಕಣಕದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿದೆ. ಆದರೆ ಅದು ಜಗತ್ತಿನ ಇತರ ಕಡೆಗಳ ಹುಳಿ ಹಿಟ್ಟಿನಲ್ಲೂ ಇರುವುದು ಮುಂದೆ ಕಂಡುಬಂತು. ನಾಲ್ಕು ಖಂಡಗಳ 500 ಸ್ಟಾರ್ಟರುಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸ್ಟಾರ್ಟರಿನಲ್ಲಿ ಯಾವ ಸೂಕ್ಷ್ಮಜೀವಿಗಳಿವೆ ಎಂಬುದನ್ನು ಅದು ಯಾವ ಊರಿನದು ಎಂಬುದು ಹೆಚ್ಚೇನೂ ನಿರ್ಧರಿಸುವುದಿಲ್ಲ. ನಾನು ಆ ಪುಡಿಯ ಸ್ಟಾರ್ಟರನ್ನೂ ನನ್ನದನ್ನೂ ಒಂದೇ ಹಿಟ್ಟಿನಲ್ಲಿ, ಒಂದೇ ಕಪಾಟಿನಲ್ಲಿ ಬೆಳೆಸಿ ನೋಡಿದೆ. ಕೆಲವು ವಾರಗಳ ನಂತರ ಏರುವ ವೇಗದಲ್ಲಾಗಲಿ ವಾಸನೆಯಲ್ಲಾಗಲಿ ಯಾವುದು ಯಾವುದೆಂದು ಹೇಳಲು ಭರಣಿಯ ಮೇಲಿನ ಚೀಟಿಯನ್ನೇ ನೋಡಬೇಕಾಗುತ್ತಿತ್ತು. ನೂರು ವರ್ಷ ಹಳೆಯ ಸ್ಟಾರ್ಟರ್ ಎಂದು ಹಣಕ್ಕೆ ಮಾರುವವರ ಮಾತಿಗೆ ಮರುಳಾಗುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಹಿಟ್ಟಿನ ವಿಷಯ. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಪರದೇಶಗಳಲ್ಲಿ ಬ್ರೆಡ್ಡಿಗೆಂದೇ ಮಾರುವ ಹಿಟ್ಟಿನಲ್ಲಿ 12-13 ಪ್ರತಿಶತ ಪ್ರೋಟೀನ್ ಇರುತ್ತದೆ. ಇಲ್ಲಿ ಕಿರಾಣಿ ಅಂಗಡಿಯಲ್ಲಿ ಸಿಗುವ ಮೈದಾ ಪೊಟ್ಟಣಗಳ ಮೇಲೆ ನಾನು ಓದಿದ್ದು ಹೆಚ್ಚಾಗಿ 10-11. ಗೋಧಿಯ ಪ್ರೋಟೀನುಗಳು ನೀರಿನೊಂದಿಗೆ ಸೇರಿದಾಗ ಗ್ಲುಟೆನ್ ಎಂಬ ಹಿಗ್ಗಬಲ್ಲ ಜಾಲ ಉಂಟಾಗುತ್ತದೆ, ಹುದುಗಿನ ಅನಿಲವನ್ನು ಹಿಡಿದಿಡುವುದು ಆ ಜಾಲವೇ. ಗಿರಣಿಯ ಗೋಧಿ ಹಿಟ್ಟಿನಲ್ಲಿ ಪ್ರೋಟೀನಿಗೆ ಕೊರತೆಯಿಲ್ಲ, ಆದರೆ ಅದರ ತೊಂದರೆಗಳು ಬೇರೆ. ಬೀಸಿದ ಕೂಡಲೇ ಡಬ್ಬಿಗೆ ಕೈಹಾಕಿದರೆ ಹಿಟ್ಟು ಎಷ್ಟು ಬಿಸಿ ಇರುತ್ತದೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದೆ. ಗಿರಣಿಯ ಕಾಕಾರನ್ನು ಕೇಳಿದಾಗ, “ಚಪಾತಿಗೆ ಸಣ್ಣ ಬೇಕಂತಾರ್ರೀ ಎಲ್ಲಾರೂ, ಕಲ್ಲು ಬಿಗಿ ಮಾಡಿದರ ಹಿಟ್ಟು ಸುಡತೈತಿ” ಎಂದರು. ಆ ಒತ್ತಡಕ್ಕೂ ಬಿಸಿಗೂ ಪಿಷ್ಟದ ಕಣಗಳು ಒಡೆಯುತ್ತವೆ. ರೋಲರ್ ಮಿಲ್ಲಿನಲ್ಲಿ ಬೀಸಿದ ಮೈದಾದಲ್ಲಿ ಈ ಹಾನಿ ಕಡಿಮೆ. ಒಡೆದ ಪಿಷ್ಟ ಹೆಚ್ಚು ನೀರು ಹೀರುತ್ತದೆ, ಚಪಾತಿ ಮೆತ್ತಗಾಗುವುದು ಅದರಿಂದಲೇ. ಬ್ರೆಡ್ಡಿನಲ್ಲಿ ಅದೇ ಗುಣ ತೊಡಕು: ಕಿಣ್ವಗಳು ಒಡೆದ ಪಿಷ್ಟವನ್ನು ಬೇಗನೆ ಸಕ್ಕರೆಯಾಗಿಸುತ್ತವೆ, ಹುದುಗುವ ವೇಗ ಇನ್ನಷ್ಟು ಹೆಚ್ಚುತ್ತದೆ, ಮೊದಲು ಹೀರಿದ ನೀರನ್ನು ಕಣಕ ಕೆಲವು ಗಂಟೆಗಳ ನಂತರ ಬಿಟ್ಟುಕೊಡುತ್ತದೆ. ಹೊಟ್ಟಿನ ಚೂಪಾದ ಚೂರುಗಳು ಗ್ಲುಟೆನ್ ಜಾಲವನ್ನು ಅಲ್ಲಲ್ಲಿ ಕಡಿಯುತ್ತವೆ ಎಂಬುದು ಇದರ ಮೇಲಿನ ತೊಂದರೆ.

ಬರೀ ಗಿರಣಿ ಹಿಟ್ಟಿನ ಲೋಫು ರುಚಿಯಾಗಿ ಆಯಿತು, ಎತ್ತರ ಮಾತ್ರ ಎರಡು ಬೆರಳಿನಷ್ಟಿತ್ತು. ಬರೀ ಮೈದಾದ್ದು ಎತ್ತರಕ್ಕೆ ಬಂತು, ತಿಂದರೆ ಸಪ್ಪೆ. ಕೊನೆಗೆ ಮುಕ್ಕಾಲು ಪಾಲು ಮೈದಾ, ಕಾಲು ಪಾಲು ಗಿರಣಿ ಹಿಟ್ಟು ಎಂಬಲ್ಲಿಗೆ ನಿಂತಿದ್ದೇನೆ. ಗಿರಣಿಯಲ್ಲಿ ಕಲ್ಲು ಸಡಿಲ ಮಾಡಿಸಿ ತುಸು ತರಿಯಾಗಿ ಬೀಸಿಸುತ್ತೇನೆ. ಜರಡಿಯಲ್ಲಿ ಉಳಿದ ಹೊಟ್ಟನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಮತ್ತೆ ಕಣಕಕ್ಕೇ ಸೇರಿಸುತ್ತೇನೆ. ಬೇರ್ಪಡಿಸಿದ ಗ್ಲುಟೆನ್ ಪುಡಿ ಈಗ ಮಾರುಕಟ್ಟೆಯಲ್ಲಿ ಸಿಗುತ್ತದೆ, ಅದನ್ನು ಹಾಕಿದರೆ ಎಲ್ಲ ಸುಲಭ. ಆದರೆ ಪೊಟ್ಟಣದ ಹಿಂಬದಿಯ ಪಟ್ಟಿಯನ್ನು ಚಿಕ್ಕದು ಮಾಡಲು ಹೊರಟು ಅದನ್ನು ಮತ್ತೆ ಉದ್ದ ಮಾಡುವುದು ನನಗೆ ಸರಿ ಎನಿಸಲಿಲ್ಲ.

ಹಿಟ್ಟು ಹೊಂದಿಸಿದ ಮೇಲೂ ಕಣಕ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ವಿಧಾನದಲ್ಲಿ ಹೇಳಿದಂತೆ ಹಿಟ್ಟಿನ ತೂಕದ 20 ಪ್ರತಿಶತ ಸ್ಟಾರ್ಟರ್ ಹಾಕಿ ಐದು ಗಂಟೆ ಬಿಟ್ಟರೆ, ಮೊದಲ ಎರಡು ಗಂಟೆ ಬಿಗಿಯಾಗಿ ನಯವಾಗಿ ಇದ್ದದ್ದು, ಆಮೇಲೆ ಬೋಗುಣಿಯ ಅಂಚಿಗೆ ಹರಡಿಕೊಂಡು, ಎತ್ತಿದರೆ ಎಳೆಯಾಗಿ ಬರದೆ ತುಂಡು ತುಂಡಾಗಿ ಕಡಿದು ಬೀಳುತ್ತಿತ್ತು. ಹುದುಗು ಸಾಲದೆಂದು ಇನ್ನೂ ಒಂದು ಗಂಟೆ ಬಿಟ್ಟರೆ ಸ್ಥಿತಿ ಮತ್ತಷ್ಟು ಕೆಡುತ್ತಿತ್ತು. ಇಡ್ಲಿ ಹಿಟ್ಟಿನ ಅನುಭವ ನಮಗೆ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. ಅಲ್ಲಿಯೂ ಬ್ಯಾಕ್ಟೀರಿಯಾಗಳೇ ಕೆಲಸ ಮಾಡುತ್ತವೆ, ಸೆಕೆಯಲ್ಲಿ ಬೇಗ ಹುಳಿಯುತ್ತದೆ ಎಂಬುದೂ ನಿಜ. ಆದರೆ ಇಡ್ಲಿಯಲ್ಲಿ ಗ್ಲುಟೆನ್ ಇಲ್ಲ. ಗುಳ್ಳೆಗಳನ್ನು ಹಿಡಿದಿಡುವುದು ಉದ್ದಿನ ಲೋಳೆ ಮತ್ತು ಪ್ರೋಟೀನು, ಆಕಾರ ಕೊಡುವುದು ಇಡ್ಲಿ ತಟ್ಟೆಯ ಗುಳಿ. ಹಿಟ್ಟು ಹೆಚ್ಚು ಹುಳಿಯಾದರೆ ರುಚಿ ಕೆಡುತ್ತದೆ, ಇಡ್ಲಿ ಇಡ್ಲಿಯಾಗಿಯೇ ಇರುತ್ತದೆ. ಬ್ರೆಡ್ಡಿನಲ್ಲಿ ಹುಳಿ ಹೆಚ್ಚಾದಂತೆ ಲೋಫನ್ನು ನಿಲ್ಲಿಸುವ ಜಾಲವೇ ಕರಗುತ್ತ ಹೋಗುತ್ತದೆ. ಗೋಧಿಯಲ್ಲಿಯೇ ಇರುವ, ಪ್ರೋಟೀನ್ ಒಡೆಯುವ ಕಿಣ್ವಗಳು ಪಿಎಚ್ ನಾಲ್ಕರ ಹತ್ತಿರ ಬಂದಾಗ ಚುರುಕಾಗುತ್ತವೆ.

ಅದಕ್ಕೆ ಸೆಕೆ ಹೇಗೆ ಸೇರಿಕೊಳ್ಳುತ್ತದೆಂದರೆ, ಸೋರ್‌ಡೋದಲ್ಲಿ ಸಾಮಾನ್ಯವಾಗಿ ಸಿಗುವ ಈಸ್ಟಿಗೆ ಹಿತವಾದ ಉಷ್ಣತೆ 27 ಡಿಗ್ರಿಯ ಸುತ್ತಮುತ್ತ, ಅದರ ಜೊತೆಗಿರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಗೆ 32-33. ನಮ್ಮ ಏಪ್ರಿಲ್ ತಿಂಗಳ ಅಡುಗೆಮನೆ ಸರಿಯಾಗಿ ಬ್ಯಾಕ್ಟೀರಿಯಾಗಳ ಪರವಾಗಿ ನಿಂತಿರುತ್ತದೆ. ಈಸ್ಟು ಸಾಕಷ್ಟು ಅನಿಲ ತುಂಬುವ ಮೊದಲೇ ಹುಳಿ ಮುಂದೆ ಹೋಗಿ ಜಾಲವನ್ನು ಸಡಿಲಿಸಿರುತ್ತದೆ. ಕಣಕದಲ್ಲಿ ಎರಡು ಕೆಲಸಗಳು ಏಕಕಾಲಕ್ಕೆ ನಡೆಯುತ್ತವೆ, ಒಂದು ಕಟ್ಟುವುದು, ಇನ್ನೊಂದು ಕರಗಿಸುವುದು. ತಣ್ಣನೆಯ ಊರಿನಲ್ಲಿ ಮೊದಲನೆಯದು ಮುಗಿದ ಎಷ್ಟೋ ಹೊತ್ತಿಗೆ ಎರಡನೆಯದು ಬಲ ಪಡೆಯುತ್ತದೆ, ನಮ್ಮಲ್ಲಿ ಎರಡೂ ಬೆನ್ನು ಬೆನ್ನಿಗೇ ಬರುತ್ತವೆ. ಇದು ತಿಳಿದ ಮೇಲೆ ಗಡಿಯಾರ ನೋಡುವುದನ್ನು ಬಿಟ್ಟು, ಕಣಕದ ಉಷ್ಣತೆಯನ್ನು ಹಿಡಿತಕ್ಕೆ ತರುವುದೇ ಮುಖ್ಯ ಕೆಲಸವಾಯಿತು.

ಬೇಕರಿಯವರು ಇದಕ್ಕೊಂದು ಸರಳ ಲೆಕ್ಕ ಇಟ್ಟುಕೊಂಡಿದ್ದಾರೆ. ಕಣಕ ಎಷ್ಟು ಡಿಗ್ರಿ ಇರಬೇಕೋ ಅದನ್ನು ಮೂರರಿಂದ ಗುಣಿಸಿ, ಅದರಲ್ಲಿ ಕೋಣೆಯ ಮತ್ತು ಹಿಟ್ಟಿನ ಉಷ್ಣತೆಯನ್ನು ಕಳೆದರೆ ಉಳಿಯುವುದೇ ನೀರಿನ ಉಷ್ಣತೆ. ಕಣಕ 25 ಇರಬೇಕು, ಕೋಣೆ 33, ಹಿಟ್ಟು 32 ಎಂದಾದರೆ, 75ರಲ್ಲಿ 65 ಕಳೆದು ನೀರು 10 ಡಿಗ್ರಿ ಇರಬೇಕು. ಫ್ರಿಜ್ಜಿನ ನೀರಿಗೆ ಒಂದೆರಡು ಐಸ್ ತುಂಡು ಹಾಕಿ, ಹಾಲಿನ ಥರ್ಮಾಮೀಟರಿನಿಂದ ನೋಡಿ, ಐಸನ್ನೂ ನೀರಿನ ತೂಕದಲ್ಲಿಯೇ ಸೇರಿಸಿ ಕಲಸಿದೆ. ಹಿಂದಿನ ರಾತ್ರಿ ಹಿಟ್ಟನ್ನೂ ಫ್ರಿಜ್ಜಿನಲ್ಲಿ ಇಟ್ಟರೆ ಐಸಿನ ಗೊಡವೆಯೂ ಬೇಕಿಲ್ಲ. ಕಲಸಿದ ಮೇಲೆ ತಂಪು ಉಳಿಯಬೇಕಲ್ಲ, ಅದಕ್ಕೆ ಬೋಗುಣಿಯನ್ನು ನೀರು ತುಂಬಿದ ಪರಾತದಲ್ಲಿ ಇಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ ಅದರ ಅಂಚುಗಳು ನೀರಿಗೆ ತಾಗುವಂತೆ ಬಿಟ್ಟೆ. ಒಣ ಸೆಕೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಕೋಣೆ 33 ಇದ್ದಾಗಲೂ ಕಣಕ 27ರ ಒಳಗೇ ಉಳಿಯಿತು. ಜೊತೆಗೆ ಸ್ಟಾರ್ಟರಿನ ಪ್ರಮಾಣವನ್ನು 20ರಿಂದ 10 ಪ್ರತಿಶತಕ್ಕೆ ಇಳಿಸಿದೆ.

ಈಗ ನಡೆಯುವ ಕ್ರಮ ಹೀಗಿದೆ. 300 ಗ್ರಾಂ ಮೈದಾ, 100 ಗ್ರಾಂ ಗಿರಣಿ ಹಿಟ್ಟು, 280 ಗ್ರಾಂ ತಣ್ಣೀರು ಇಷ್ಟನ್ನು ಒಣ ಹಿಟ್ಟು ಕಾಣದಂತೆ ಕಲಸಿ ಅರ್ಧ ಗಂಟೆ ಸುಮ್ಮನೆ ಬಿಡುತ್ತೇನೆ. ಹೀಗೆ ನೆನೆಸಿಡುವ ಪದ್ಧತಿಯನ್ನು ಫ್ರಾನ್ಸಿನ ರೇಮೊಂ ಕಾಲ್ವೆಲ್ ಎಂಬ ಬ್ರೆಡ್ ತಜ್ಞರು 1974ರಲ್ಲಿ ಬಳಕೆಗೆ ತಂದರು. ನಾದದೆಯೇ ಗ್ಲುಟೆನ್ ತಾನಾಗಿ ಹೊಂದಿಕೊಳ್ಳಲಿ ಎಂಬುದು ಅದರ ಉದ್ದೇಶ. ಹೋಳಿಗೆಗೆ ಕಣಕ ನೆನೆಸುವವರಿಗೆ ಇದರ ಗುಣವನ್ನು ಬೇರೆ ಹೇಳಬೇಕಿಲ್ಲ. ಆಮೇಲೆ 40 ಗ್ರಾಂ ಸ್ಟಾರ್ಟರ್, 8 ಗ್ರಾಂ ಉಪ್ಪು ಸೇರಿಸಿ ಬೆರಳುಗಳಿಂದ ಹಿಸುಕುತ್ತ ಬೆರೆಸುತ್ತೇನೆ. ಉಪ್ಪು ಬಿದ್ದ ತಕ್ಷಣ ಕಣಕ ಬಿಗಿಯಾಗುವುದು ಕೈಗೇ ತಿಳಿಯುತ್ತದೆ. ಅರ್ಧ ಗಂಟೆಗೊಮ್ಮೆ ಕೈ ಒದ್ದೆ ಮಾಡಿಕೊಂಡು ಕಣಕದ ಒಂದು ಬದಿಯನ್ನು ಹಿಡಿದು, ಹರಿಯದಷ್ಟು ಮೇಲೆ ಎಳೆದು, ಇನ್ನೊಂದು ಬದಿಗೆ ಮಡಚುವುದು, ಬೋಗುಣಿ ತಿರುಗಿಸುವುದು, ಮತ್ತೆ ಮಡಚುವುದು. ಮೊದಲ ಸಲ ಹಿಟ್ಟು ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಮೂರನೆಯ ಮಡಿಕೆಯ ಹೊತ್ತಿಗೆ ಬೋಗುಣಿಯ ಗೋಡೆಯನ್ನು ಬಿಟ್ಟು ಒಂದೇ ಮುದ್ದೆಯಾಗಿ ಎದ್ದು ಬರುತ್ತದೆ, ಬೆರಳುಗಳ ನಡುವೆ ಹಿಗ್ಗಿಸಿದರೆ ಆಚೆಯ ಬೆಳಕು ಕಾಣುವಷ್ಟು ತೆಳ್ಳಗಾಗುತ್ತದೆ.

ಯಾವಾಗ ನಿಲ್ಲಿಸಬೇಕು ಎಂಬುದೇ ಕಠಿಣ ಪ್ರಶ್ನೆ. ದುಂಡು ತಳದ ಬೋಗುಣಿಯಲ್ಲಿ ಕಣಕ ಎಷ್ಟು ಏರಿತೆಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಆದ್ದರಿಂದ ಅದೇ ಕಣಕದಿಂದ ಒಂದು ಲಿಂಬೆಹಣ್ಣಿನಷ್ಟು ಚಿವುಟಿ ತೆಗೆದು, ನೇರ ಗೋಡೆಯ ಸಣ್ಣ ಗಾಜಿನ ಬಾಟಲಿಯಲ್ಲಿ ಒತ್ತಿ, ಹೊರಗೆ ಪೆನ್ನಿನಿಂದ ಗೆರೆ ಎಳೆದು ಇಡುತ್ತೇನೆ. ಬಾಟಲಿಯನ್ನೂ ಪರಾತದ ನೀರಿನಲ್ಲಿಯೇ ಇಡಬೇಕು, ಹೊರಗಿಟ್ಟರೆ ಸಣ್ಣ ತುಂಡು ಬೇಗ ಬಿಸಿಯಾಗಿ ಸುಳ್ಳು ಹೇಳುತ್ತದೆ. ವಿಧಾನಗಳಲ್ಲಿ ಎರಡರಷ್ಟಾಗುವವರೆಗೆ ಕಾಯಿರಿ ಎಂದಿರುತ್ತದೆ. ನಮ್ಮ ಮೈದಾ ಅಷ್ಟನ್ನು ತಾಳುವುದಿಲ್ಲ. ಬಾಟಲಿಯಲ್ಲಿ ಅರ್ಧದಷ್ಟು ಏರಿದಾಗ, ಬೋಗುಣಿಯ ಕಣಕದ ಅಂಚು ಒಳಕ್ಕೆ ಬಾಗಿ ನಡು ಉಬ್ಬಿ ನಿಂತಾಗ, ಅಲುಗಾಡಿಸಿದರೆ ಇಡಿಯಾಗಿ ನಡುಗಿದಾಗ, ನಾನು ತೆಗೆದುಬಿಡುತ್ತೇನೆ. ಉಳಿದ ಏರಿಕೆ ಫ್ರಿಜ್ಜಿನಲ್ಲಿ ಆಗುತ್ತದೆ, ಏಕೆಂದರೆ ಕಣಕ ಪೂರ್ತಿ ತಣ್ಣಗಾಗಲು ಎರಡು ಮೂರು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತೂ ಒಳಗೆ ಕೆಲಸ ನಡೆದೇ ಇರುತ್ತದೆ.

ಕಣಕವನ್ನು ಉರುಟಾಗಿ ಬಿಗಿದು ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡಲು ಬೆತ್ತದ ವಿಶೇಷ ಬುಟ್ಟಿ ಬೇಕೆನ್ನುತ್ತಾರೆ. ಪೇಟೆಯಲ್ಲಿ ಸಿಗುವ ಬಿದಿರಿನ ಬುಟ್ಟಿಗೆ ಹಳೆಯ ಧೋತರದ ತುಂಡು ಹಾಸಿದರೆ ಸಾಕು. ಬಟ್ಟೆಗೆ ಉಜ್ಜಲು ಅಕ್ಕಿ ಹಿಟ್ಟೇ ಆಗಬೇಕು. ಗೋಧಿ ಹಿಟ್ಟು ಉಜ್ಜಿದರೆ ರಾತ್ರಿ ಕಳೆಯುವಷ್ಟರಲ್ಲಿ ಒದ್ದೆಯಾಗಿ ಅಂಟುತ್ತದೆ.

ಸುಡುವ ಹಂತದಲ್ಲಿ ನಮ್ಮ ಓಟಿಜಿ ಎಂಬ ಸಣ್ಣ ವಿದ್ಯುತ್ ಒಲೆಯ ಮಿತಿಗಳು ಎದುರಾದವು. ಅದರ ಗರಿಷ್ಠ ಉಷ್ಣತೆ 250 ಡಿಗ್ರಿ ಎಂದು ಗುಂಡಿಯ ಮೇಲೆ ಬರೆದಿದೆ, ಒಳಗಿಟ್ಟ ಥರ್ಮಾಮೀಟರ್ 230 ದಾಟುವುದಿಲ್ಲ. ಮೇಲಿನ ಕಾಯಿಲ್ ಲೋಫಿಗೆ ಬಹಳ ಹತ್ತಿರವಿರುವುದರಿಂದ, ಅದು ಉಬ್ಬುವ ಮೊದಲೇ ಮೇಲ್ಮೈ ಒಣಗಿ ಗಟ್ಟಿಯಾಗುತ್ತದೆ; ಒಳಗಿನ ಅನಿಲ ದಾರಿ ಕಾಣದೆ ಬದಿಯಲ್ಲಿ ಸೀಳಿಕೊಂಡು ಹೊರಬರುತ್ತದೆ. ಒಲೆಯೊಳಗೆ ನೀರಿನ ತಟ್ಟೆ ಇಟ್ಟರೂ ಆವಿ ಬಾಗಿಲಿನ ಸಂದಿಯಿಂದ ಹೊರಗೆ ಹೋಗಿಬಿಡುತ್ತದೆ. ಪರಿಹಾರ ಮನೆಯಲ್ಲಿಯೇ ಇತ್ತು: ಬೀಡಿನ ಕಡಾಯಿ, ಅದರ ಮೇಲೆ ಬೋರಲು ಹಾಕಿದ ಬೀಡಿನ ದೋಸೆ ಹಂಚು. ಎರಡನ್ನೂ ಮುಕ್ಕಾಲು ಗಂಟೆ ಕಾಯಿಸಿ, ಫ್ರಿಜ್ಜಿನಿಂದ ನೇರವಾಗಿ ತೆಗೆದ ಕಣಕವನ್ನು ಬೇಕಿಂಗ್ ಕಾಗದದ ಮೇಲೆ ಮಗುಚಿ, ಹೊಸ ಬ್ಲೇಡಿನಿಂದ ಓರೆಯಾಗಿ ಒಂದು ಸೀಳು ಹಾಕಿ ಒಳಗೆ ಇಳಿಸಿ ಮುಚ್ಚುತ್ತೇನೆ. ಕಣಕದಿಂದಲೇ ಏಳುವ ಆವಿ ಒಳಗೆ ನಿಂತು ಮೇಲ್ಮೈಯನ್ನು ಮೆತ್ತಗೆ ಇಡುತ್ತದೆ, ಉಬ್ಬಲು ಅವಕಾಶ ಸಿಗುತ್ತದೆ. 25 ನಿಮಿಷದ ನಂತರ ಹಂಚು ತೆಗೆದಾಗ ಲೋಫು ಬಿಳಿಚಿಕೊಂಡು ಹೊಳೆಯುತ್ತಿರುತ್ತದೆ, ಸೀಳಿನ ಒಂದು ಅಂಚು ಎದ್ದು ನಿಂತಿರುತ್ತದೆ. ಮುಂದಿನ 20 ನಿಮಿಷ ತೆರೆದಿಟ್ಟು ಸುಟ್ಟರೆ ಬೆಲ್ಲದ ಬಣ್ಣಕ್ಕೆ ಬರುತ್ತದೆ. ನಡುವಿನ ಉಷ್ಣತೆ 96 ದಾಟಿದರೆ ಬೆಂದಿದೆ ಎಂದು ಲೆಕ್ಕ.

ಒಂದು ಸಂಜೆ ಲೋಫು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಬೇಸಿಗೆಯ ಅಡ್ಡ ಮಳೆ ಬಂದರೆ ಇದು ನಮ್ಮಲ್ಲಿ ನಿರೀಕ್ಷಿತವೇ. ಬಾಗಿಲು ತೆರೆಯದೆ ಬಿಟ್ಟದ್ದರಿಂದ ಬೀಡಿನ ಪಾತ್ರೆಯ ಕಾವು ಕೆಲಸ ಮುಂದುವರಿಸಿತು. ಕರೆಂಟು ಬಂದ ಮೇಲೆ ಅವಧಿ ಹೆಚ್ಚಿಸಿ ಸುಟ್ಟ ಆ ಲೋಫಿನ ತಳದಲ್ಲಿ ಒಂದು ಗಟ್ಟಿ ಪದರ ಉಳಿದದ್ದು ಬಿಟ್ಟರೆ ತಿನ್ನಲು ಅಡ್ಡಿಯಾಗಲಿಲ್ಲ. ತೆಳು ಅಲ್ಯುಮಿನಿಯಂ ಅಚ್ಚಿನಲ್ಲಿದ್ದರೆ ಅದು ಕೆಟ್ಟೇ ಹೋಗುತ್ತಿತ್ತು. ವಿದ್ಯುತ್ ಖರ್ಚು ಕಾಯಿಸುವುದೂ ಸೇರಿ ಎರಡು ಯೂನಿಟ್ಟಿನಷ್ಟಾಗುತ್ತದೆ, ಆದ್ದರಿಂದ ಒಮ್ಮೆ ಕಾಯಿಸಿದರೆ ಎರಡು ಲೋಫು ಸುಡುವುದು ಮೇಲು.

ಸುಟ್ಟ ಕೂಡಲೇ ಕೊಯ್ಯಬಾರದೆಂಬ ನಿಯಮವನ್ನು ಮನೆಯವರಿಂದ ಪಾಲಿಸಿಸುವುದು ಎಲ್ಲಕ್ಕಿಂತ ಕಷ್ಟ. ಒಳಗಿನ ಪಿಷ್ಟ ಆರುತ್ತ ಆರುತ್ತ ಗಟ್ಟಿಗೊಳ್ಳಬೇಕು. ಬಿಸಿಯಲ್ಲಿ ಕೊಯ್ದರೆ ಚಾಕುವಿಗೆ ಅಂಟು ಹಿಡಿಯುತ್ತದೆ. ಎರಡು ಗಂಟೆ ಆರಿದ ಲೋಫಿನ ಹೊರಪದರ ಕೊಯ್ಯುವಾಗ ಚೂರು ಚೂರಾಗಿ ಉದುರುತ್ತದೆ, ಒಳಗಿನ ರಂಧ್ರಗಳು ಚಿತ್ರಗಳಲ್ಲಿ ಕಾಣುವಷ್ಟು ದೊಡ್ಡವಲ್ಲ, ಹೆಸರುಕಾಳಿನಿಂದ ಹಿಡಿದು ಶೇಂಗಾ ಕಾಳಿನಷ್ಟು. ದೊಡ್ಡ ರಂಧ್ರಗಳಿಗಾಗಿ ಹಂಬಲಿಸುವುದು ಏಕೆಂದು ನನಗೆ ಅರ್ಥವಾಗಿಲ್ಲ, ಬೆಣ್ಣೆ ಹಚ್ಚಿದರೆ ಅದು ಕೆಳಗಿನ ತಟ್ಟೆಗೆ ಇಳಿಯುತ್ತದೆ ಅಷ್ಟೆ. ಅವ್ವನಿಗೆ ಮೊದಲು ಇದರ ಹುಳಿ ಒಗ್ಗಲಿಲ್ಲ. ಹಂಚಿನ ಮೇಲೆ ತುಪ್ಪ ಹಾಕಿ ಕಾಯಿಸಿ, ಮೇಲೆ ರಂಜಕ ಹಚ್ಚಿ ಕೊಟ್ಟಾಗ, “ಹಿಂಗಾದರ ನಡೀತೈತಿ” ಎಂದಳು. ಶೇಂಗಾ ಚಟ್ನಿ ಮತ್ತು ಮೊಸರಿನೊಂದಿಗೂ ಚೆನ್ನಾಗಿ ಹೊಂದುತ್ತದೆ.

ಆರೋಗ್ಯದ ಹೆಸರಿನಲ್ಲಿ ಇದರ ಬಗ್ಗೆ ಹೇಳುವ ಮಾತುಗಳಲ್ಲಿ ಕೆಲವು ನಿಜ, ಕೆಲವು ಅತಿಯಾದವು. ದೀರ್ಘ ಹುದುಗುವಿಕೆಯಲ್ಲಿ ಹುಳಿಯಿಂದಾಗಿ, ಖನಿಜಗಳನ್ನು ಹಿಡಿದಿಡುವ ಫೈಟೇಟ್ ಅಂಶ ಒಡೆದು ಕಬ್ಬಿಣ, ಸತುವಿನಂಥ ಖನಿಜಗಳು ದೇಹಕ್ಕೆ ಹೆಚ್ಚು ದಕ್ಕುತ್ತವೆ. ಆಮ್ಲಗಳ ಕಾರಣದಿಂದ ಬೂಸ್ಟು ಹಿಡಿಯುವುದೂ ತಡವಾಗುತ್ತದೆ. ಆದರೆ ಗ್ಲುಟೆನ್ ಇದರಲ್ಲಿ ಇರುವುದಿಲ್ಲವೆಂಬುದು ಶುದ್ಧ ತಪ್ಪು, ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರು ಗೋಧಿಯ ಸೋರ್‌ಡೋವನ್ನೂ ತಿನ್ನಬಾರದು.

ಇಷ್ಟರ ಮೇಲೆ, ಧಾರವಾಡದಲ್ಲಿದ್ದುಕೊಂಡು ಸದಕ ಗೋಧಿಯಲ್ಲಿ ಪ್ರಯತ್ನಿಸದೆ ಇರಲಾಗಲಿಲ್ಲ. ಹುಗ್ಗಿ, ಮಾದಲಿಗಳಿಗೆ ನಾವು ಬಳಸುವ ಈ ಕೆಂಪು ಉದ್ದ ಕಾಳಿನ ಗೋಧಿಯ ಡಿಡಿಕೆ 1025, ಡಿಡಿಕೆ 1029 ಮೊದಲಾದ ತಳಿಗಳನ್ನು ಇಲ್ಲಿಯ ಕೃಷಿ ವಿಶ್ವವಿದ್ಯಾಲಯವೇ ಅಭಿವೃದ್ಧಿಪಡಿಸಿದೆ. ಸಾಮಾನ್ಯ ಗೋಧಿಯಲ್ಲಿ 42 ವರ್ಣತಂತುಗಳಿದ್ದರೆ ಇದರಲ್ಲಿ 28. ಬ್ರೆಡ್ಡಿಗೆ ಬೇಕಾದ ಗಟ್ಟಿ ಗ್ಲುಟೆನ್ ಒದಗಿಸುವ ಪ್ರೋಟೀನುಗಳಲ್ಲಿ ಮುಖ್ಯವಾದ ಕೆಲವು, ಇದರಲ್ಲಿಲ್ಲದ ಆ 14 ವರ್ಣತಂತುಗಳ ಕಡೆಯಿಂದ ಬರುವಂಥವು. ಹಾಗಾಗಿ ಬರೀ ಸದಕದ ಕಣಕ ಹಿಗ್ಗುತ್ತದೆ, ಮರಳಿ ಸೆಟೆದು ನಿಲ್ಲುವುದಿಲ್ಲ. ಬುಟ್ಟಿಯಿಂದ ಮಗುಚಿದರೆ ತಟ್ಟೆಯಗಲ ಹರಡುತ್ತದೆ. ಅಚ್ಚಿನಲ್ಲಿ ಹಾಕಿ, ನೀರು ಕಡಿಮೆ ಮಾಡಿ, ಮಡಚುವುದನ್ನೇ ಬಿಟ್ಟು ಸುಟ್ಟಾಗ ಬಂದದ್ದು ತಗ್ಗಾದ, ಒತ್ತಾದ ಲೋಫು. ಅದರ ಪರಿಮಳ ಮಾತ್ರ ಮೈದಾದಿಂದ ಎಂದೂ ಬಾರದು. ಈಗ ಗಿರಣಿ ಹಿಟ್ಟಿನ ಕಾಲು ಪಾಲನ್ನು ಪೂರ್ತಿ ಸದಕದಿಂದಲೇ ತುಂಬುತ್ತಿದ್ದೇನೆ, ಅಚ್ಚಿಲ್ಲದೆಯೂ ಅದು ನಿಲ್ಲುತ್ತದೆ.

ಮಳೆಗಾಲ ಹಿಡಿದ ಮೇಲೆ ಗಾಳಿಯಲ್ಲಿ ತೇವ ಹೆಚ್ಚಾಗಿ ಒದ್ದೆ ಬಟ್ಟೆಯ ಉಪಾಯ ನಿಂತುಹೋಯಿತು, ಅದರ ಅಗತ್ಯವೂ ಅಷ್ಟಾಗಿ ಉಳಿಯಲಿಲ್ಲ. ಆದರೆ ಹಿಟ್ಟು ತಾನೇ ತೇವ ಹೀರಿಕೊಂಡಿರುವುದರಿಂದ ನೀರನ್ನು ಹತ್ತು ಗ್ರಾಂನಷ್ಟು ಕಡಿಮೆ ಮಾಡಬೇಕಾಯಿತು. ಡಿಸೆಂಬರಿನ ರಾತ್ರಿಗಳಲ್ಲಿ ಹೊರಗೆ 14-15 ಡಿಗ್ರಿಗೆ ಇಳಿದಾಗ ಎಲ್ಲವೂ ತಿರುವುಮುರುವು: ಸ್ಟಾರ್ಟರ್ 20 ಪ್ರತಿಶತ, ಉಗುರುಬೆಚ್ಚಗಿನ ನೀರು, ಬೋಗುಣಿಗೆ ಉಣ್ಣೆಯ ಶಾಲು. ಪುಸ್ತಕದ ಅವಧಿಗಳು ಆಗ ಮೊದಲ ಬಾರಿಗೆ ನಮ್ಮ ಮನೆಗೂ ಹೊಂದಿದವು. ಬೇಸಿಗೆಗೊಂದು, ಚಳಿಗಾಲಕ್ಕೊಂದು ಎಂದು ಎರಡು ಪಟ್ಟಿಗಳನ್ನು ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದ್ದೇನೆ. ಸ್ಟಾರ್ಟರಿನ ಸ್ವಲ್ಪ ಭಾಗವನ್ನು ತೆಳ್ಳಗೆ ಹರಡಿ ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ ಡಬ್ಬಿಯಲ್ಲಿಯೂ ಇಟ್ಟಿದ್ದೇನೆ, ಊರಿಗೆ ಹೋದಾಗ ಭರಣಿಯನ್ನು ನೋಡಿಕೊಳ್ಳುವ ಹೊಣೆಯನ್ನು ಯಾರ ಮೇಲೂ ಹೊರಿಸಬೇಕಿಲ್ಲ. ಈಗ ಬೀಸಿಸಿ ತಂದ ಸದಕ ಹಿಟ್ಟು ಹಿಂದಿನದಕ್ಕಿಂತ ತರಿಯಾಗಿದೆ. ಮುಂದಿನ ಲೋಫಿಗೆ ನೀರನ್ನು 290 ಗ್ರಾಂಗೆ ಏರಿಸಿ, ನೆನೆಯಲು ಅರ್ಧ ಗಂಟೆಯ ಬದಲು ಒಂದು ಗಂಟೆ ಕೊಟ್ಟು ನೋಡುವುದಿದೆ.